ಧನ್ಯವಾದ ಪುಟಕ್ಕೆ ವಾಪಸ್ ಬರದ ಗಿರಾಕಿ

ಅಂತರ್ಜಾಲದಲ್ಲಿ ಅಂಗಡಿ ಇಟ್ಟಿರುವ ಯಾರನ್ನಾದರೂ ಹಿಡಿದು "ನಿನ್ನೆ ಎಷ್ಟು ಆರ್ಡರ್ ಬಂತು?" ಅಂತ ಕೇಳಿ ನೋಡಿ. ಒಂದು ಉತ್ತರ ಬರಲ್ಲ, ಮೂರು ಬರುತ್ತವೆ. ಬ್ಯಾಂಕಿನ ಲೆಕ್ಕ ಒಂದು, ಗೂಗಲ್ ಅನಲಿಟಿಕ್ಸ್ ಹೇಳುವುದು ಇನ್ನೊಂದು, ಜಾಹೀರಾತಿಗೆ ದುಡ್ಡು ತಗೊಂಡ ಕಂಪನಿ ತೋರಿಸುವುದು ಮತ್ತೊಂದು. ಒಂದೇ ಅಂಗಡಿ, ಒಂದೇ ದಿನ, ಮೂರು ಲೆಕ್ಕ! ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಮನೆಯಲ್ಲೇ ಚಟ್ನಿಪುಡಿ, ಸೀರೆ, ಟೆರಾಕೋಟಾ ಒಡವೆ ಅಂತ ಸ್ವಂತ ಜಾಲತಾಣದಲ್ಲಿ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಈ ತಲೆನೋವು ಇಲ್ಲದವರನ್ನು ನಾನಂತೂ ನೋಡಿಲ್ಲ.

ಇದನ್ನು ಸರಿಮಾಡುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ರಾಶಿ ರಾಶಿ ಬರಹಗಳಿವೆ. ಅವು ಹೇಳಿದಂತೆ ಕೋಡನ್ನು ಅಲ್ಲಿಂದ ತೆಗೆದು ಇಲ್ಲಿ ಹಾಕಿ, ಇಲ್ಲಿಂದ ತೆಗೆದು ಅಲ್ಲಿ ಹಾಕಿದರೂ ನಮ್ಮೂರ ಅಂಗಡಿಗಳ ಲೆಕ್ಕ ತಾಳೆಯಾಗುವುದಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಆ ಕತೆಯನ್ನೇ ಬರೆದಿದ್ದೇನೆ. ಸ್ವಲ್ಪ ಉದ್ದ ಆಯಿತು, ಕಾಫಿ ಲೋಟ ಹಿಡಿದು ಕೂತರೆ ಒಳ್ಳೆಯದು :)

1994ನೇ ಇಸವಿ. ವೆಬ್ ಸರ್ವರ್‌ಗಳಿಗೆ ಆಗ ಭಾರೀ ಮರೆವು. ಒಂದು ಪುಟ ಕೇಳಿದವನೇ ಅರೆಗಳಿಗೆ ಬಿಟ್ಟು ಇನ್ನೊಂದು ಪುಟ ಕೇಳಿದರೆ ಅವನು ಇವನೇ ಅಂತ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಎಂಸಿಐ ಎಂಬ ಟೆಲಿಫೋನ್ ಕಂಪನಿಗೆ ಆನ್‌ಲೈನ್ ಅಂಗಡಿ ಬೇಕಿತ್ತು, ಆದರೆ ಅರ್ಧಂಬರ್ಧ ಆದ ವ್ಯಾಪಾರದ ವಿವರವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳಲು ಅದಕ್ಕೆ ಇಷ್ಟ ಇರಲಿಲ್ಲ. ಆಗ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಒಂದು ಉಪಾಯ ಮಾಡಿದ: ಆ ವಿವರವನ್ನು ಗಿರಾಕಿಯ ಕಂಪ್ಯೂಟರಿನಲ್ಲೇ ಇಟ್ಟರಾಯಿತು! ಅದೇ ಕುಕೀ. ಅಂಗಡಿಯವನು ತನ್ನ ಲೆಕ್ಕದ ಚೀಟಿಯನ್ನು ಗಿರಾಕಿಯ ಜೇಬಿನಲ್ಲಿ ತುರುಕಿ "ಮುಂದಿನ ಸಲ ಬರುವಾಗ ತಗೊಂಡು ಬಾ" ಅಂದ ಹಾಗೆ. ಜೇಬು ಅವನದು. ಚೀಟಿ ಬಿಸಾಡಬಹುದು, ಪ್ಯಾಂಟೇ ಬದಲಾಯಿಸಬಹುದು. ಅದನ್ನೆಲ್ಲ ಆಗ ಯಾರು ಯೋಚಿಸಿದ್ದರು? ಅದೇ ವರ್ಷ ಅಕ್ಟೋಬರ್ 27ಕ್ಕೆ ಹಾಟ್‌ವೈರ್ಡ್ ತಾಣದಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಕಾಣಿಸಿಕೊಂಡವು. 1995ರ ಮೇ ತಿಂಗಳಲ್ಲಿ ಅದೇ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಒಂದು ಪುಟ್ಟ ಭಾಷೆ ಬರೆದುಕೊಟ್ಟ. ಅದೇ ಜಾವಾಸ್ಕ್ರಿಪ್ಟ್. ಚೀಟಿ, ಜಾಹೀರಾತು, ಚೀಟಿಯನ್ನು ಓದುವ ಭಾಷೆ, ಮೂರೂ ಒಂದೇ ವರ್ಷದೊಳಗೆ ತಯಾರು.

ಮೊದಮೊದಲು ಲೆಕ್ಕ ಇಡುತ್ತಿದ್ದುದು ಸರ್ವರಿನ ಲಾಗ್ ಕಡತಗಳಿಂದ. ಆಮೇಲೆ ಪುಟದಲ್ಲಿ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರ ಇಟ್ಟು, ಅದನ್ನು ಯಾವ ಬ್ರೌಸರ್ ಕೇಳುತ್ತದೆ ಅಂತ ಎಣಿಸುವ ಪದ್ಧತಿ ಬಂತು. ನಮ್ಮ ಹಳೇ ಕನ್ನಡ ಬ್ಲಾಗುಗಳ ಪಕ್ಕದಲ್ಲಿ ಹಿಟ್ ಕೌಂಟರ್ ಕೂತಿರುತ್ತಿತ್ತಲ್ಲ, ನಾವೇ ಹತ್ತು ಸಲ ರಿಫ್ರೆಶ್ ಮಾಡಿ ಖುಷಿಪಡುತ್ತಿದ್ದೆವಲ್ಲ, ಅದೂ ಇದೇ ಜಾತಿಯದು. ಸ್ಯಾನ್ ಡಿಯಾಗೋದ ಅರ್ಚಿನ್ ಎಂಬ ಸಣ್ಣ ಕಂಪನಿ ಈ ಎಣಿಕೆಯ ಕೆಲಸ ಮಾಡುತ್ತಿತ್ತು. 2005ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಅಂತ ಹೆಸರಿಟ್ಟು ಬಿಟ್ಟಿಯಾಗಿ ಕೊಟ್ಟಾಗ ಜನ ಎಷ್ಟು ಮುಗಿಬಿದ್ದರೆಂದರೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಅಂದಹಾಗೆ, ಇವತ್ತಿಗೂ ಜಾಹೀರಾತಿನ ಕೊಂಡಿಗಳಲ್ಲಿ ಯುಟಿಎಂ ಅಂತ ಮೂರಕ್ಷರ ನೋಡುತ್ತೀರಲ್ಲ, ಅದರಲ್ಲಿನ 'ಯು' ಆ ಅರ್ಚಿನ್‌ನದು. ಕಂಪನಿ ಹೋದರೂ ಇನಿಷಿಯಲ್ ಉಳಿಯಿತು.

ಈ ಅರ್ಚಿನ್ ಕಾಲದ ಕೋಡಿನಲ್ಲಿ ವ್ಯಾಪಾರ ಎಣಿಸುವುದು ಹೀಗಿತ್ತು: ಗಿರಾಕಿ ದುಡ್ಡು ಕೊಟ್ಟಮೇಲೆ "ಧನ್ಯವಾದ, ನಿಮ್ಮ ಆರ್ಡರ್ ಬಂದಿದೆ" ಅನ್ನುವ ಪುಟ ಬರುತ್ತದೆ. ಆ ಪುಟದಲ್ಲಿ ಒಂದು ಅಡಗಿಸಿದ ಪೆಟ್ಟಿಗೆಯೊಳಗೆ ಆರ್ಡರ್ ಸಂಖ್ಯೆ, ಮೊತ್ತ, ಊರು ಎಲ್ಲ ಬರೆದಿಡಬೇಕು. ಪುಟ ತೆರೆದ ತಕ್ಷಣ ಜಾವಾಸ್ಕ್ರಿಪ್ಟ್ ಅದನ್ನು ಓದಿ ಗೂಗಲ್ಲಿಗೆ ಕಳಿಸುತ್ತದೆ. ಇದರ ಹಿಂದೆ ಒಂದು ನಂಬಿಕೆ ಇದೆ, ಗಮನಿಸಿ. ಧನ್ಯವಾದ ಪುಟ ತೆರೆಯಿತು ಅಂದರೆ ದುಡ್ಡು ಬಂತು. ದುಡ್ಡು ಬಂತು ಅಂದರೆ ಧನ್ಯವಾದ ಪುಟ ತೆರೆದಿದೆ. ಅದೂ ಒಂದೇ ಸಲ.

ಅಮೆರಿಕದಲ್ಲಿ ಇದು ಹೆಚ್ಚು ಕಡಿಮೆ ನಿಜವೇ ಆಗಿತ್ತು. ಅಲ್ಲಿ ಕಾರ್ಡ್ ಸಂಖ್ಯೆಯನ್ನು ಅಂಗಡಿಯ ಪುಟದಲ್ಲೇ ಟೈಪಿಸಿ ಗುಂಡಿ ಒತ್ತಿದರೆ ಸಾಕು, ದುಡ್ಡು ಮುರಿದುಕೊಂಡು ಅದೇ ಅಂಗಡಿ ಮುಂದಿನ ಪುಟ ತೋರಿಸುತ್ತಿತ್ತು. ಗಿರಾಕಿ ಅಂಗಡಿಯ ಹೊಸ್ತಿಲು ದಾಟುತ್ತಲೇ ಇರಲಿಲ್ಲ.

ಈಗ ನಮ್ಮ ಕಡೆ ಬನ್ನಿ. 1999ರಲ್ಲೇ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ತೆರೆದಿತ್ತು. ಆದರೆ ನಮ್ಮಲ್ಲಿ ಬಹಳ ಜನ ಮೊದಲ ಸಲ ಆನ್‌ಲೈನಿನಲ್ಲಿ ಕೊಂಡದ್ದು ರೈಲು ಟಿಕೆಟ್. ಐಆರ್‌ಸಿಟಿಸಿ 2002ರಲ್ಲಿ ಅದನ್ನು ಶುರುಮಾಡಿತು. ಯಶವಂತಪುರದಿಂದ ಊರಿಗೆ ಟಿಕೆಟ್ ಮಾಡಲು ಕೂತವರಿಗೆ ಆ ಅನುಭವ ಹೇಳಿಕೊಡಬೇಕಾಗಿಲ್ಲ. ಸೀಟು ಆರಿಸಿ ಗುಂಡಿ ಒತ್ತಿದರೆ ಗೇಟ್‌ವೇ ಪುಟ, ಅಲ್ಲಿಂದ ಬ್ಯಾಂಕಿನ ಪುಟ, ಬ್ಯಾಂಕಿಗೆ ಪಾಸ್‌ವರ್ಡ್ ಕೊಟ್ಟಮೇಲೆ "ದಯವಿಟ್ಟು ಹಿಂದಕ್ಕೆ ಒತ್ತಬೇಡಿ, ಕಿಟಕಿ ಮುಚ್ಚಬೇಡಿ" ಅಂತ ಒಂದು ಬಿಳೀ ಪುಟ... ದೇವರಿಗೆ ಕೈ ಮುಗಿದುಕೊಂಡು ಕಾಯುವುದು! ಅಷ್ಟರಲ್ಲಿ ಕರೆಂಟ್ ಹೋದರೆ, ಸೈಬರ್ ಕೆಫೆಯ ಲೈನ್ ಹೋದರೆ, ದುಡ್ಡು ಖಾತೆಯಿಂದ ಹೋಗಿರುತ್ತದೆ, ಟಿಕೆಟ್ ಬಂದಿರುವುದಿಲ್ಲ.

ಇದರಲ್ಲೇ ಇಡೀ ಸಮಸ್ಯೆಯ ಬೇರು ಇದೆ. ದುಡ್ಡು ಹೋಗುವ ದಾರಿ ಬೇರೆ, ದುಡ್ಡು ಹೋಯಿತು ಅನ್ನುವ ಸುದ್ದಿ ಬರುವ ದಾರಿ ಬೇರೆ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಸುದ್ದಿ ಮಾತ್ರ ಗಿರಾಕಿಯ ಬ್ರೌಸರಿನ ಹೆಗಲೇರಿ ಬರಬೇಕು.

2009ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಅಚ್ಚಾಗಿರುವ ವಿವರ ಮಾತ್ರ ಸಾಲದು, ಗಿರಾಕಿಗೆ ಮಾತ್ರ ಗೊತ್ತಿರುವ ಇನ್ನೊಂದು ಗುಟ್ಟೂ ಬೇಕು ಅಂತ. ಮೊದಲು ಪಾಸ್‌ವರ್ಡ್, ಆಮೇಲೆ ಒಟಿಪಿ. ಕಳ್ಳತನ ತಡೆಯಲು ಇದು ಬೇಕಾಗಿತ್ತು, ಆ ನಿಯಮ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ಆದರೆ ಅದರಿಂದ ಕಾರ್ಡಿನಲ್ಲಿ ಕೊಳ್ಳುವವರೂ ಅಂಗಡಿ ಬಿಟ್ಟು ಬ್ಯಾಂಕಿನ ಬಾಗಿಲಿಗೆ ಹೋಗಿ ಬರಬೇಕಾಯಿತು. ಮೊಬೈಲಿನಲ್ಲಂತೂ ಫಜೀತಿ. ಆಗ ನೋಕಿಯಾ ಫೋನುಗಳಲ್ಲಿ ನಾವೆಲ್ಲ ಬಳಸುತ್ತಿದ್ದ ಆಪೆರಾ ಮಿನಿಯಲ್ಲಿ ಜಾವಾಸ್ಕ್ರಿಪ್ಟ್ ಓಡುತ್ತಿದ್ದುದು ಫೋನಿನಲ್ಲಲ್ಲ, ದೂರದಲ್ಲಿದ್ದ ಆಪೆರಾ ಕಂಪನಿಯ ಸರ್ವರಿನಲ್ಲಿ, ಅದೂ ಕೆಲವೇ ಸೆಕೆಂಡು. ಎಣಿಸುವ ಕೋಡು ಅಷ್ಟರೊಳಗೆ ಓಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನ ಪುಟಗಳು ಮೊಬೈಲಿನಲ್ಲಿ ಕೈಕೊಡುವುದನ್ನು ಸರಿಪಡಿಸುವುದೇ ಒಂದು ದಂಧೆಯಾಯಿತು. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಸ್‌ಪೇ ಕಂಪನಿ ಆ ಪುಟಗಳಿಗೆಂದೇ ಆ್ಯಪಿನೊಳಗೆ ಕೂರುವ ಪ್ರತ್ಯೇಕ ಬ್ರೌಸರ್ ಮಾಡಿಕೊಟ್ಟಿತು.

ಇನ್ನೊಂದು ತಮಾಷೆ. ಬ್ಯಾಂಕಿಗೆ ಹೋಗಿ ವಾಪಸ್ ಬಂದವನನ್ನು ಅನಲಿಟಿಕ್ಸ್ ಹೊಸ ಗಿರಾಕಿ ಅಂತ ತಿಳಿದುಕೊಳ್ಳುತ್ತಿತ್ತು. ಎಲ್ಲಿಂದ ಬಂದೆ? ಬ್ಯಾಂಕಿನ ತಾಣದಿಂದ. ಹಾಗಾಗಿ ತಿಂಗಳ ಕೊನೆಗೆ ವರದಿ ತೆಗೆದರೆ ಅತಿ ಹೆಚ್ಚು ವ್ಯಾಪಾರ ತಂದುಕೊಟ್ಟವರು ಗೇಟ್‌ವೇ ಮತ್ತು ಬ್ಯಾಂಕು! ಹುಡುಕಾಟದಿಂದ ಬಂದವರು, ಜಾಹೀರಾತಿನಿಂದ ಬಂದವರು ಎಲ್ಲರ ಪುಣ್ಯವೂ ಬ್ಯಾಂಕಿನ ಖಾತೆಗೆ. ವಾಪಸ್ ಬರುವ ಕೊಂಡಿಗೆ ಒಂದು ಬಾಲ ಅಂಟಿಸಿ ಇದನ್ನು ತಪ್ಪಿಸುತ್ತಿದ್ದರು. ಆಮೇಲಿನ ಆವೃತ್ತಿಯಲ್ಲಿ "ಈ ತಾಣಗಳನ್ನು ಲೆಕ್ಕಕ್ಕೆ ಹಿಡಿಯಬೇಡ" ಅಂತ ಪಟ್ಟಿ ಕೊಡುವ ಸೌಕರ್ಯ ಬಂತು. ಆ ಪಟ್ಟಿಯನ್ನು ಇಂದಿಗೂ ತುಂಬದೆ ಬಿಟ್ಟಿರುವ ಅಂಗಡಿಗಳಿವೆ.

2010ರಲ್ಲಿ ಕೋರಮಂಗಲದ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ತಂದಿತು. ಇದು ತದ್ವಿರುದ್ಧ ರೋಗ. ಗಿರಾಕಿ ಎಲ್ಲೂ ಹೋಗುವುದಿಲ್ಲ, ಧನ್ಯವಾದ ಪುಟ ಠಾಕುಠೀಕಾಗಿ ತೆರೆಯುತ್ತದೆ, ಜಾವಾಸ್ಕ್ರಿಪ್ಟ್ "ವ್ಯಾಪಾರ ಆಯಿತು" ಅಂತ ಘಂಟೆ ಬಾರಿಸುತ್ತದೆ. ದುಡ್ಡು? ಅದು ಪಾರ್ಸೆಲ್ ಹುಡುಗ ಮನೆ ಬಾಗಿಲಿಗೆ ಹೋದಾಗ, ಅವರು ಮನೆಯಲ್ಲಿದ್ದರೆ, ಮನಸ್ಸು ಬದಲಾಯಿಸಿರದಿದ್ದರೆ.

ಆಮೇಲೆ 2016ರ ಏಪ್ರಿಲ್‌ನಲ್ಲಿ ಯುಪಿಐ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಡಿನವನು ಬ್ಯಾಂಕಿನ ಪುಟಕ್ಕೆ ಹೋದರೂ ಅದೇ ಬ್ರೌಸರಿನಲ್ಲಿ ಇರುತ್ತಿದ್ದ, ಅದೇ ಬ್ರೌಸರ್ ಅವನನ್ನು ವಾಪಸ್ ಕರೆತರುತ್ತಿತ್ತು. ಯುಪಿಐನವನು ಬ್ರೌಸರನ್ನೇ ಬಿಟ್ಟು ಇನ್ನೊಂದು ಆ್ಯಪಿಗೆ ಹಾರುತ್ತಾನೆ. ಅಲ್ಲಿ ಪಿನ್ ಒತ್ತುತ್ತಾನೆ, ಹಸಿರು ಟಿಕ್ ಬರುತ್ತದೆ, ಬ್ಯಾಂಕಿನ ಮೆಸೇಜೂ ಬರುತ್ತದೆ. ಅವನ ಮಟ್ಟಿಗೆ ಕೆಲಸ ಮುಗಿಯಿತು! ಫೋನ್ ಜೇಬಿಗೆ. ಅಂಗಡಿಯ ಪುಟ ಹಿಂದುಗಡೆ ಗಡಿಯಾರ ಇಟ್ಟುಕೊಂಡು ಕಾಯುತ್ತಾ ಕೂತಿರುತ್ತದೆ, ಪಾಪ. ಕಡಿಮೆ ಮೆಮೊರಿಯ ಫೋನಾದರೆ ಆಂಡ್ರಾಯ್ಡ್ ಅಷ್ಟರಲ್ಲಿ ಆ ಪುಟವನ್ನು ಮುಚ್ಚಿಹಾಕಿರುತ್ತದೆ. ಧನ್ಯವಾದ ಪುಟ ತೆರೆಯುವುದೇ ಇಲ್ಲ. ತೆರೆಯದ ಪುಟದ ಜಾವಾಸ್ಕ್ರಿಪ್ಟ್ ಎಷ್ಟು ಚೆನ್ನಾಗಿ ಬರೆದಿದ್ದರೇನು?

ದುಡ್ಡು ಹೋಗಿ ಸುದ್ದಿ ಬಾರದಿರುವುದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದರೆ ಅದಕ್ಕೆ ಸರ್ಕಾರಿ ಭಾಷೆಯಲ್ಲೇ ಹೆಸರಿದೆ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ, ಖಾತೆಯಿಂದ ದುಡ್ಡು ಹೋಗಿ ವ್ಯಾಪಾರಿಗೆ ಖಾತರಿ ಸಿಗದಿದ್ದರೆ ಐದು ದಿನದೊಳಗೆ ತಾನಾಗಿ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತಿದೆ. ಕಾರ್ಡಿಗೂ ಅದೇ, ಯುಪಿಐಯಲ್ಲಿ ಅಂಗಡಿಗೆ ಕೊಟ್ಟದ್ದಕ್ಕೂ ಅದೇ. ಗಿರಾಕಿಗೆ ಹೀಗೆ ರಕ್ಷಣೆ ಸಿಕ್ಕಿತು. ಅಂಗಡಿಯವರ ಜಾಹೀರಾತಿನ ಲೆಕ್ಕಕ್ಕೆ ಯಾವ ಸುತ್ತೋಲೆಯೂ ಇಲ್ಲ.

ಯಲಹಂಕ ನ್ಯೂಟೌನಿನಲ್ಲಿ ನನಗೆ ಪರಿಚಯದ ಒಬ್ಬರು ಹುಳಿಪುಡಿ, ಸಾರಿನಪುಡಿ, ಹಪ್ಪಳ ಮಾರುತ್ತಾರೆ. ಜಾಹೀರಾತಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದರು. ಜಾಹೀರಾತಿನ ವರದಿ ನೋಡಿದರೆ ಏನೂ ಗಿಟ್ಟುತ್ತಿಲ್ಲ, ನಿಲ್ಲಿಸಿಬಿಡೋಣ ಅನ್ನುವ ಸ್ಥಿತಿ. "ಅಲ್ಲ ಕಣಪ್ಪ, ನನ್ನ ಖಾತೆಗೆ ದುಡ್ಡು ಬಂದದೆ, ಪುಡಿ ಕಳಿಸಿದ್ದೀನಿ, ಇವರು ಮಾತ್ರ ಯಾರೂ ಕೊಂಡೇ ಇಲ್ಲ ಅಂತಾರಲ್ಲ" ಅಂದರು. ಅವರ ಈ ಒಂದು ಮಾತಿನಲ್ಲಿ ರೋಗದ ಪೂರ್ತಿ ವಿವರ ಇತ್ತು!

ಕೂತು ಒಂದು ವಾರದ ಮೂರು ಪಟ್ಟಿ ತೆಗೆದೆವು: ಗೇಟ್‌ವೇ ಪಟ್ಟಿ, ಅಂಗಡಿಯ ಆರ್ಡರ್ ಪಟ್ಟಿ, ಅನಲಿಟಿಕ್ಸ್ ಪಟ್ಟಿ. ಕೋಡನ್ನು ಮುಟ್ಟಲಿಲ್ಲ. ಆರ್ಡರ್ ಸಂಖ್ಯೆ ಹಿಡಿದು ಒಂದೊಂದೇ ತಾಳೆ ನೋಡಿ, ಕಳೆದುಹೋದದ್ದರ ಮುಂದೆ ಹೇಗೆ ದುಡ್ಡು ಕೊಟ್ಟರು, ಯಾವ ಬ್ರೌಸರ್ ಅಂತ ಬರೆದೆವು. (ಯಾರೇ ಆಗಲಿ ಮೊದಲು ಮಾಡಬೇಕಾದ್ದು ಇದನ್ನೇ. ಬಹಳ ಜನ ಮೊದಲೇ ಕೋಡಿಗೆ ಕೈ ಹಾಕಿ ಇದ್ದದ್ದನ್ನೂ ಕೆಡಿಸುತ್ತಾರೆ.) ಕಳೆದುಹೋದವರಲ್ಲಿ ಹೆಚ್ಚಿನವರು ಫೋನಿನಿಂದ ಯುಪಿಐ ಮಾಡಿದವರು. ಎರಡೆರಡು ಸಲ ಎಣಿಕೆಯಾದವರೂ ಇದ್ದರು. ಪಾರ್ಸೆಲ್ ಎಲ್ಲಿಗೆ ಬಂತು ಅಂತ ನೋಡಲು ಅದೇ ಧನ್ಯವಾದ ಪುಟವನ್ನು ಮತ್ತೆ ತೆರೆದವರು ಅವರು. ಪುಟ ತೆರೆದಾಗಲೆಲ್ಲ ಕೋಡು ಇನ್ನೊಮ್ಮೆ "ವ್ಯಾಪಾರ ಆಯಿತು" ಅನ್ನುತ್ತಿತ್ತು.

ಒಂದು ಆರ್ಡರಿನ ಮೊತ್ತ ಮಾತ್ರ ವಿಚಿತ್ರವಾಗಿತ್ತು. 1,250 ರೂಪಾಯಿಯದು 1 ರೂಪಾಯಿ ಅಂತ ದಾಖಲಾಗಿತ್ತು! ಬೆಲೆಯ ನಡುವಿನ ಅಲ್ಪವಿರಾಮ ಇದರ ಕಾರಣ. ಬರಹವನ್ನು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟ್ ಅಲ್ಪವಿರಾಮ ಕಂಡಲ್ಲಿಗೆ ಓದು ನಿಲ್ಲಿಸುತ್ತದೆ. ಮುಂದೆ 'ರೂ.' ಅಥವಾ ರೂಪಾಯಿ ಚಿಹ್ನೆ ಇದ್ದರಂತೂ ಸಂಖ್ಯೆಯೇ ಅಲ್ಲ ಅಂದುಬಿಡುತ್ತದೆ. ಸಾವಿರ ದಾಟಿದ ಆರ್ಡರುಗಳಿಗೆ ಮಾತ್ರ ಬರುವ ಕಾಯಿಲೆಯಾದ್ದರಿಂದ ಪರೀಕ್ಷೆಗೆ ಅಂತ ಹತ್ತು ರೂಪಾಯಿ ಆರ್ಡರ್ ಮಾಡಿ ನೋಡಿದವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಉಳಿದವರಲ್ಲಿ ಕೆಲವರು ಜಾಹೀರಾತು ತಡೆಯುವ ಬ್ರೌಸರಿನವರು. ಇತಿಹಾಸದ ಚೇಷ್ಟೆ ನೋಡಿ, ಜಾವಾಸ್ಕ್ರಿಪ್ಟ್ ಹುಟ್ಟಿಸಿದ ಅದೇ ಬ್ರೆಂಡನ್ ಐಕ್ 2015ರಲ್ಲಿ ಬ್ರೇವ್ ಕಂಪನಿ ಕಟ್ಟಿ, ಹೀಗೆ ಹಿಂಬಾಲಿಸುವ ಜಾವಾಸ್ಕ್ರಿಪ್ಟನ್ನು ತಡೆಯುವ ಬ್ರೌಸರನ್ನೇ ಮಾರುಕಟ್ಟೆಗೆ ಬಿಟ್ಟ. ಆಪಲ್ ಕಂಪನಿ 2017ರಿಂದ ಸಫಾರಿಯಲ್ಲಿ ಬಿಗಿ ಮಾಡುತ್ತಾ ಬಂತು. 2019ರಿಂದ ಜಾವಾಸ್ಕ್ರಿಪ್ಟ್ ಬರೆದಿಟ್ಟ ಕುಕೀಗೆ ಅಲ್ಲಿ ಏಳೇ ದಿನ ಆಯಸ್ಸು. ಜಾಹೀರಾತು ನೋಡಿ ಹತ್ತು ದಿನ ಯೋಚಿಸಿ ಸೀರೆ ಕೊಳ್ಳುವವರು ಇದ್ದಾರಲ್ಲ, ಅವರು ವಾಪಸ್ ಬಂದಾಗ ಅಪರಿಚಿತರು. ಮಾಂಟುಲಿಯ ಚೀಟಿ ಜೇಬಿನಲ್ಲಿ ಇರುವುದಿಲ್ಲ.

ಲೆಕ್ಕ ತಪ್ಪಿದರೆ ಏನು ಮಹಾ, ದುಡ್ಡು ಬಂದಿದೆಯಲ್ಲ ಅನ್ನಬಹುದು. ಮೊದಲಾದರೆ ಹೌದು ಅನ್ನುತ್ತಿದ್ದೆ. ಈಗ ಜಾಹೀರಾತನ್ನು ಯಾರಿಗೆ ತೋರಿಸಬೇಕು, ಎಷ್ಟು ದುಡ್ಡು ಸುರಿಯಬೇಕು ಅಂತ ತೀರ್ಮಾನಿಸುವುದು ಯಂತ್ರ. ಅದು ಕಲಿಯುವುದು ನಾವು ಕಳಿಸುವ "ವ್ಯಾಪಾರ ಆಯಿತು" ಸುದ್ದಿಗಳಿಂದ. ಯುಪಿಐನವರು ಅದಕ್ಕೆ ಕಾಣಿಸುವುದೇ ಇಲ್ಲ ಅಂದರೆ, ಕಾರ್ಡಿನಲ್ಲಿ ಕೊಳ್ಳುವವರೇ ಗಿರಾಕಿಗಳು ಅಂತ ಅದು ತಿಳಿದುಕೊಂಡು ಅಂಥವರನ್ನೇ ಹುಡುಕುತ್ತಾ ಹೋಗುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಆರ್ಡರ್ ಮಾಡಿ ಪಾರ್ಸೆಲ್ ಬೇಡ ಅನ್ನುವವರನ್ನು ಅತ್ಯುತ್ತಮ ಗಿರಾಕಿ ಅಂತ ತಿಳಿದು ಅವರ ಅಣ್ಣತಮ್ಮಂದಿರನ್ನೆಲ್ಲ ಕರೆತರುತ್ತದೆ. ಯಲಹಂಕದ ಆ ತಾಯಿ ದುಡ್ಡು ಕೊಟ್ಟು ಯಂತ್ರಕ್ಕೆ ತಪ್ಪು ಪಾಠ ಹೇಳಿಕೊಡುತ್ತಿದ್ದರು.

ಹಾಗಾದರೆ ದಾರಿ? ಸುದ್ದಿಯನ್ನು ಬ್ರೌಸರಿನ ಹೆಗಲಿನಿಂದ ಇಳಿಸಬೇಕು. ದುಡ್ಡು ಸೇರಿದ ತಕ್ಷಣ ಗೇಟ್‌ವೇ ಸರ್ವರ್ ನೇರವಾಗಿ ಅಂಗಡಿಯ ಸರ್ವರಿಗೆ ಸುದ್ದಿ ಮುಟ್ಟಿಸುವ ಪದ್ಧತಿಗೆ ವೆಬ್‌ಹುಕ್ ಅನ್ನುತ್ತಾರೆ. ಆ ಹೆಸರು ಬಂದದ್ದು 2007ರಲ್ಲಿ, ಜೆಫ್ ಲಿಂಡ್ಸೆ ಎಂಬಾತನಿಂದ. ಗಿರಾಕಿ ಫೋನ್ ಆರಿಸಿ ಮಲಗಿದರೂ ಈ ಸುದ್ದಿ ಬರುತ್ತದೆ. ಅಲ್ಲಿಂದ ಅಂಗಡಿಯ ಸರ್ವರೇ ಅನಲಿಟಿಕ್ಸಿಗೆ ತಿಳಿಸಬಹುದು. ಇದರಲ್ಲೂ ಎರಡು ಕಡೆ ಎಡವುತ್ತಾರೆ. ಒಂದು, ಈ ಗಿರಾಕಿ ಯಾರು ಅಂತ ಅನಲಿಟಿಕ್ಸ್ ಕೊಟ್ಟ ಗುರುತನ್ನು ಅವನು ದುಡ್ಡು ಕಟ್ಟಲು ಹೋಗುವ ಮೊದಲೇ ಆರ್ಡರ್ ಜತೆ ಬರೆದಿಟ್ಟುಕೊಂಡಿರಬೇಕು, ಆಮೇಲೆ ಕೇಳಲು ಅವನು ಸಿಗುವುದಿಲ್ಲ. ಇನ್ನೊಂದು, ಗೇಟ್‌ವೇ ಒಂದೇ ಸುದ್ದಿಯನ್ನು ಎರಡು ಮೂರು ಸಲ ಕಳಿಸುವುದುಂಟು. ಸುದ್ದಿ ನಿಜವಾಗಿ ಗೇಟ್‌ವೇಯಿಂದಲೇ ಬಂತೇ ಅಂತ ಸಹಿ ನೋಡಿ, ಈ ಆರ್ಡರ್ ಸಂಖ್ಯೆ ಮೊದಲೇ ಬಂದಿದೆಯೇ ಅಂತ ನೋಡಿಯೇ ಎಣಿಸಬೇಕು.

ಈ ಒಂದೇ ಸಂಖ್ಯೆಯ ಉಪಾಯ ವೆಬ್‌ನವರ ಸ್ವಂತದ್ದೇನಲ್ಲ. ಯಶವಂತಪುರ ಯಾರ್ಡ್ ಗೊತ್ತಿರುವವರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಈರುಳ್ಳಿ ಮೂಟೆ ಯಾರದು, ಎಷ್ಟು ತೂಗಿತು, ಯಾರು ಕೂಗಿದರು, ಬಿಲ್ಲು ಯಾರ ಹೆಸರಿಗೆ ಅಂತ ಹಳೇ ಕಾಲದಲ್ಲಿ ಒಬ್ಬೊಬ್ಬರ ಚೀಟಿಯಲ್ಲಿ ಒಂದೊಂದು. 2014ರಲ್ಲಿ ರಾಜ್ಯದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಾಗ ಮಾಡಿದ ಮುಖ್ಯ ಕೆಲಸ, ಗೇಟಿನಲ್ಲೇ ಪ್ರತಿ ಲಾಟಿಗೂ ಒಂದು ಸಂಖ್ಯೆ ಕೊಟ್ಟು ಟೆಂಡರ್, ತೂಕ, ಬಿಲ್ಲು ಎಲ್ಲಕ್ಕೂ ಅದನ್ನೇ ಹಿಡಿದದ್ದು. ಆನ್‌ಲೈನ್ ಅಂಗಡಿಯಲ್ಲೂ ಸಂಖ್ಯೆ ಹುಟ್ಟಬೇಕಾದ್ದು ಗೇಟಿನಲ್ಲಿ, ಅಂದರೆ ಗಿರಾಕಿ ಬ್ಯಾಂಕಿಗೆ ಹೊರಡುವ ಮೊದಲು. ಈಗಿನ ಗೂಗಲ್ ಅನಲಿಟಿಕ್ಸ್ (ಹಳೆಯದು 2023ರ ಜುಲೈಯಲ್ಲಿ ನಿಂತುಹೋಯಿತು) ಒಬ್ಬನೇ ಗಿರಾಕಿಯಿಂದ ಒಂದೇ ಸಂಖ್ಯೆ ಎರಡು ಸಲ ಬಂದರೆ ಎರಡನೆಯದನ್ನು ಬಿಟ್ಟುಬಿಡುತ್ತದೆ. ಸಂಖ್ಯೆಯನ್ನೇ ಕಳಿಸದಿದ್ದರೆ ಅದೇನು ಮಾಡೀತು?

ಸರ್ವರ್ ದಾರಿ ಸಿಕ್ಕಿತು ಅಂತ ಗಿರಾಕಿಯ ಫೋನ್ ನಂಬರ್, ಮಿಂಚಂಚೆ ಎಲ್ಲವನ್ನೂ ಜಾಹೀರಾತು ಕಂಪನಿಗೆ ಸುರಿಯುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಬ್ರೌಸರಿನಲ್ಲಿ ತಡೆಗೋಡೆ ಹಾಕಿಕೊಂಡವರು ಬೇಡ ಅಂತ ಬಾಯಿಬಿಟ್ಟು ಹೇಳಿದ ಹಾಗೇ ತಾನೇ? ಅವರ ಆರ್ಡರ್ ನಮ್ಮ ಪುಸ್ತಕದಲ್ಲಿದ್ದರೆ ಸಾಕು, ಹಿತ್ತಲ ಬಾಗಿಲಿನಿಂದ ಇನ್ನೊಬ್ಬರಿಗೆ ಹೇಳಬೇಕಾಗಿಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆ ಇಲ್ಲದೆ ಹೀಗೆ ಹಂಚುವುದಕ್ಕೆ ವಿರುದ್ಧವಾಗಿಯೇ ಇದೆ.

ಹುಳಿಪುಡಿ ಅಂಗಡಿಯಲ್ಲಿ ಈಗ ಯುಪಿಐ ಮತ್ತು ಕಾರ್ಡಿನ ಲೆಕ್ಕ ವೆಬ್‌ಹುಕ್ ಮೇಲೆ ನಡೆಯುತ್ತಿದೆ. ಜಾಹೀರಾತು ನಿಲ್ಲಿಸಲಿಲ್ಲ. ಕ್ಯಾಶ್ ಆನ್ ಡೆಲಿವರಿಯದು ಮಾತ್ರ ಇನ್ನೂ ಬಗೆಹರಿದಿಲ್ಲ. ಪಾರ್ಸೆಲ್ ತಲುಪಿ ದುಡ್ಡು ಬಂದಮೇಲೆಯೇ ಎಣಿಸೋಣ ಅಂದರೆ, ಅನಲಿಟಿಕ್ಸಿಗೆ ಸರ್ವರಿನಿಂದ ಕಳಿಸುವ ಸುದ್ದಿ ಮೂರು ದಿನಕ್ಕಿಂತ ಹಳೆಯದಾಗಿರಬಾರದು. ಯಲಹಂಕದಿಂದ ಹೊರಟ ಹಪ್ಪಳ ಬೀದರಿಗೆ ಮೂರು ದಿನದಲ್ಲಿ ಮುಟ್ಟುವುದು ಅನುಮಾನ. ಮುಟ್ಟಿದ ದಿನದ ತಾರೀಖನ್ನೇ ಹಾಕಿ ಕಳಿಸಿ ನೋಡುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಬೇರೆ ರೀತಿ ಮಾಡಿದ್ದರೆ ತಿಳಿಸಿ, ಅವರಿಗೆ ಮುಟ್ಟಿಸುತ್ತೇನೆ.